ವಿದ್ಯಾನಗರದ ನಿವಾಸಸುಖ

ಮೈಸೂರಿಗೆ ವರ್ಷವರ್ಷವೂ ವಿದ್ಯಾರ್ಥಿಗಳು ಬರುವರು. ಓದು ಮುಗಿಸಿ ಹೊರಟುಹೋಗುವರು. ನಾವಾದರೋ ಹೊಳೆಯ ದಡದ ಮರಗಳಂತೆ ಇಲ್ಲಿಯೇ ನೆಲೆನಿಂತಿರುವೆವು. ಹೀಗೆ ಉಳಿದವರಿಗೆ ವಿದ್ಯಾನಗರದಿಂದ ದೊರೆಯುವ ಲಾಭವೇನು? ಕೊಠಡಿಯ ಬಾಡಿಗೆಯೊಂದೇ ಎಂದು ಭಾವಿಸುವ ಗೃಹಸ್ಥರು ನಮ್ಮಲ್ಲಿ ಬಹಳವಾಗಿರುವರು.

1916ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವುದಕ್ಕೆ ಮೊದಲೇ ಈ ಊರಿನಲ್ಲಿ ವಿದ್ಯೆಗೆ ಮನ್ನಣೆಯಿದ್ದಿತು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದುದು ಇಲ್ಲಿಯ ಪ್ರಾಚ್ಯ ಗ್ರಂಥಾಲಯದಲ್ಲಿಯೇ. 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ದೊರೆಯಿತು. ತರಕಾರಿಯ ಚೀಲವನ್ನು ಹಿಡಿದು ನಡೆದಾಡುವ ಬೀದಿಗಳ ನಡುವೆಯೇ ಇಂತಹ ನಿಧಿಯು ಬೆಳಕು ಕಂಡಿತೆಂಬುದು ಸಾಮಾನ್ಯ ಭಾಗ್ಯವೆ?

ಸಂಜೆ ಸಾರ್ವಜನಿಕ ಉಪನ್ಯಾಸವಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವೆವು. ಅರವತ್ತರ ಪ್ರಾಯಕ್ಕೆ ಪರೀಕ್ಷೆಯ ಭಯವಿಲ್ಲ. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದರೆ ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ಕಾಣಬಹುದು. ಕೆರೆಯಾಚೆಯ ವಿದ್ಯಾಕ್ಷೇತ್ರಕ್ಕೆ ಮಾನಸಗಂಗೋತ್ರಿಯೆಂದು ಹೆಸರಿತ್ತವರು ಕುವೆಂಪು.

ವಿದ್ಯಾರ್ಥಿಗೆ ಈ ಊರು ಕೆಲವು ವರ್ಷಗಳ ಬಿಡಾರ, ನಮಗೆ ಮನೆ. ಆದುದರಿಂದ ಕೆರೆಯನ್ನು ನಿರ್ಮಲವಾಗಿಡುವ ಹೊಣೆಯೂ, ಮನೆಬಿಟ್ಟು ಬಂದ ಮಕ್ಕಳನ್ನು ಹೆಸರು ಹಿಡಿದು ವಿಚಾರಿಸುವ ಹೊಣೆಯೂ ನಮ್ಮವೇ. ಬಾಡಿಗೆಯನ್ನು ಮಾತ್ರ ಎಣಿಸುವವನು ವಿದ್ಯಾನಗರದಲ್ಲಿದ್ದೂ ಅದರ ಹೊರಗೇ ಇರುವನು.