ಒಂದೇ ಗೋಡೆ, ಎರಡು ಗಡಿಯಾರ

ಸಂಜೆ ಐದರ ಹೊತ್ತಿಗೆ ಸಿಂಗಪುರದ ಮರೀನಾ ಬೇ ಕ್ರೂಸ್ ಕೇಂದ್ರದಿಂದ ವಿಹಾರ ನೌಕೆ ಮೆಲ್ಲಗೆ ದಡ ಬಿಟ್ಟಾಗ, ಮೇಲಿನ ಡೆಕ್ಕಿನಲ್ಲಿ ಕಂಬಿ ಹಿಡಿದು ನಿಂತವರಿಗೆ ಮೊದಲು ಕಾಣುವುದು ಬೇರೆ ಹಡಗುಗಳೇ. ತೈಲ ತುಂಬಿದವು, ಕಂಟೇನರ್ ಹೇರಿದವು, ಸರದಿಗಾಗಿ ಲಂಗರು ಹಾಕಿ ಕಾದು ನಿಂತವು. ಜಗತ್ತಿನ ಅತಿ ದಟ್ಟಣೆಯ ಹಡಗುದಾರಿಗಳಲ್ಲಿ ಇದೂ ಒಂದು. ಸಿಂಗಪುರದ ಬಳಿಯ ಫಿಲಿಪ್ಸ್ ಕಾಲುವೆಯಲ್ಲಿ ಈ ದಾರಿ ಸುಮಾರು 2.8 ಕಿ.ಮೀ.ಗೆ ಕಿರಿದಾಗುತ್ತದೆ. ಅದನ್ನು ದಾಟಿದರೆ ಮಲಕ್ಕಾ ಜಲಸಂಧಿ. ಎಡಕ್ಕೆ ಸುಮಾತ್ರಾ, ಬಲಕ್ಕೆ ಮಲೇಷ್ಯಾ.

"ನಮ್ಮ ಮೆಜೆಸ್ಟಿಕ್ ಇದ್ದ ಹಾಗಿದೆಯಲ್ಲೋ!" ಎಂದರು ಅಜ್ಜಿ.

ಬೆಂಗಳೂರಿನ ಈ ಕುಟುಂಬದಲ್ಲಿ ಐದು ಮಂದಿ. ಎಪ್ಪತ್ತೆರಡರ ಅಜ್ಜಿ, ಮಗ, ಸೊಸೆ, ಎಂಜಿನಿಯರಿಂಗ್ ಎರಡನೇ ವರ್ಷದ ಮೊಮ್ಮಗ, ಎಂಟನೇ ತರಗತಿಯ ಮೊಮ್ಮಗಳು. ಹಡಗಿನಲ್ಲಿ ಒಮ್ಮೆ ಕೂರಬೇಕೆಂಬುದು ಅಜ್ಜಿಯ ಬಹುದಿನದ ಆಸೆ. ಅದಕ್ಕಾಗಿ ಮನೆಯವರು ಮೂರು ವರ್ಷ ಹಣ ಕೂಡಿಟ್ಟಿದ್ದರು. ಪಕ್ಕಪಕ್ಕದ ಎರಡು ಕ್ಯಾಬಿನ್, ನಡುವೆ ಒಂದು ಒಳಬಾಗಿಲು. ಅಜ್ಜಿ, ಸೊಸೆ, ಮೊಮ್ಮಗಳು ಒಂದರಲ್ಲಿ. ತಂದೆ, ಮಗ ಇನ್ನೊಂದರಲ್ಲಿ.

ಊಟವಾಯಿತು, ಹಾಡು ಕುಣಿತ ನೋಡಿದ್ದಾಯಿತು. ಅಜ್ಜಿ ಬಿ.ಪಿ. ಮಾತ್ರೆ ನುಂಗಿ ಮಲಗಿದರು. ಆಗ ಶುರುವಾಯಿತು ಗೋಡೆಯಾಚೆಯ ಜಾತ್ರೆ. ಎಡಗಡೆಯ ಕ್ಯಾಬಿನ್ನಿನಲ್ಲಿ ಪುಣೆಯ ಒಂದು ಕಚೇರಿಯ ಆರು ಮಂದಿ ಗೆಳೆಯರು ಸೇರಿ ಇಸ್ಪೀಟು ಆಡುತ್ತಿದ್ದರು. ಗೆದ್ದವರ ಕೂಗು, ಸೋತವರ ತಕರಾರು, ನಡುನಡುವೆ ಸಿನಿಮಾ ಹಾಡು. ಹನ್ನೆರಡಾದರೂ ನಿಲ್ಲಲಿಲ್ಲ. ಅಜ್ಜಿ ಎದ್ದು ಕುಳಿತರು. ನಿದ್ದೆಗೆಟ್ಟು ಅವರ ರಕ್ತದೊತ್ತಡ ಏರಿದರೆ ನಾಳೆ ಪೆನಾಂಗಿನಲ್ಲಿ ಇಳಿಯುವಂತಿಲ್ಲ. ಅವರೊಡನೆ ಇನ್ನೊಬ್ಬರೂ ಹಡಗಿನಲ್ಲೇ ಉಳಿಯಬೇಕು.

ಮೊಮ್ಮಗನಿಗೆ ರೇಗಿತು. ಒಳಬಾಗಿಲಿನಿಂದ ಬಂದವನೇ ಮುಷ್ಟಿ ಕಟ್ಟಿ ಗೋಡೆಗೆ ಮೂರು ಸಲ ಗುದ್ದಿದ. ಒಂದು ಕ್ಷಣ ಮೌನ. ಆಮೇಲೆ ಆ ಕಡೆಯಿಂದ ನಾಲ್ಕು ಗುದ್ದು, ಜೊತೆಗೆ ನಗು.

"ಗೋಡೆ ಗುದ್ದಿದರೆ ಗೋಡೆಗೇನು ನೋವಾಗುತ್ತದೆಯೇನೋ? ಸುಮ್ಮನೆ ಮಲಗು ಹೋಗು," ಎಂದರು ಅಜ್ಜಿ.

ತಂದೆ ಫೋನ್ ಎತ್ತಿಕೊಂಡು ಹಡಗಿನ ರಿಸೆಪ್ಷನ್‌ಗೆ ತಿಳಿಸಿದರು. ದೊಡ್ಡ ವಿಹಾರ ನೌಕೆಗಳಲ್ಲಿ ರಾತ್ರಿಯಿಡೀ ಅಲ್ಲಿ ಜನ ಇರುತ್ತಾರೆ, ಓಣಿಗಳಲ್ಲಿ ಭದ್ರತಾ ಸಿಬ್ಬಂದಿ ಗಸ್ತು ತಿರುಗುತ್ತಾರೆ. ಹತ್ತು ನಿಮಿಷದಲ್ಲಿ ಯಾರೋ ಎಡಗಡೆಯ ಬಾಗಿಲು ತಟ್ಟಿದರು. ಎರಡು ಮಾತು ಕೇಳಿಸಿತು. ಆಮೇಲೆ ಏರ್ ಕಂಡೀಷನರಿನ ಗುಂಯ್‌ಗುಡುವಿಕೆ ಮಾತ್ರ ಉಳಿಯಿತು.

ತೆಳು ಗೋಡೆಯ ಕಥೆ

ಇಷ್ಟು ಹಣ ತೆತ್ತರೂ ಗೋಡೆ ಏಕೆ ಇಷ್ಟು ತೆಳು? ಎಂಜಿನಿಯರಿಂಗ್ ಓದುವವನಿಗೆ ಇದು ಒಳ್ಳೆಯ ಪ್ರಶ್ನೆಯೇ.

ಹೊಸ ಹಡಗುಗಳ ಕ್ಯಾಬಿನ್ನುಗಳನ್ನು ಬಹುಮಟ್ಟಿಗೆ ಹಡಗಿನೊಳಗೆ ಕಟ್ಟುವುದೇ ಇಲ್ಲ. ದಡದ ಮೇಲಿನ ಕಾರ್ಖಾನೆಯಲ್ಲಿ ಬಚ್ಚಲುಮನೆ, ದೀಪ, ಕಪಾಟು ಸಮೇತ ಪೆಟ್ಟಿಗೆಗಳಂತೆ ತಯಾರಿಸಿ, ಹಡಗಿನ ಪಕ್ಕದ ಕಿಂಡಿಯಿಂದ ಒಳಗೆ ತಳ್ಳಿ ಸಾಲಾಗಿ ಜೋಡಿಸುತ್ತಾರೆ. ಇವುಗಳ ಗೋಡೆ ಎಂದರೆ ಎರಡು ತೆಳು ಉಕ್ಕಿನ ತಗಡು, ನಡುವೆ ಕಲ್ಲನ್ನು ಕರಗಿಸಿ ಎಳೆ ತೆಗೆದ 'ರಾಕ್ ವೂಲ್'. ಎಲ್ಲ ಸೇರಿ ಒಂದೆರಡು ಅಂಗುಲ ದಪ್ಪ. ಇಟ್ಟಿಗೆ ಗೋಡೆಯಷ್ಟು ಭಾರವನ್ನು ನೀರಿನಿಂದ ಹತ್ತಾರು ಅಂತಸ್ತು ಎತ್ತರದಲ್ಲಿ ಹೇರಿದರೆ ಹಡಗಿನ ಸಮತೋಲವೇ ಕೆಡುತ್ತದೆ.

ಮರದ ಹಲಗೆ ಏಕಿಲ್ಲ ಎಂಬುದಕ್ಕೆ ಬೆಂಕಿಯ ಕಥೆಯೊಂದಿದೆ. 1934ರ ಸೆಪ್ಟೆಂಬರ್ 8ರಂದು ಹವಾನಾದಿಂದ ನ್ಯೂಯಾರ್ಕಿಗೆ ಬರುತ್ತಿದ್ದ 'ಮೊರೊ ಕ್ಯಾಸಲ್' ಹಡಗು ನ್ಯೂಜೆರ್ಸಿ ತೀರದ ಬಳಿ ಹೊತ್ತಿ ಉರಿಯಿತು. ಒಳಗಿನ ಅಂದದ ಮರದ ಹೊದಿಕೆ ಬೆಂಕಿಗೆ ಸೌದೆಯಾಯಿತು. 137 ಜನ ಸತ್ತರು. ಆಮೇಲೆ ಬಂದ ನಿಯಮಗಳ ಒತ್ತಾಯವೆಂದರೆ, ಹಡಗಿನ ಗೋಡೆ ಹೊತ್ತಿಕೊಳ್ಳದಂತಿರಬೇಕು ಎಂಬುದು. ಇಂದಿನ ಗೋಡೆ ಮೊದಲು ಬೆಂಕಿಯನ್ನು ತಡೆಯುತ್ತದೆ; ಸದ್ದನ್ನು ತಡೆಯುವುದು ಅದರ ಎರಡನೆಯ ಕೆಲಸ.

ಸದ್ದಿಗೂ ಲೆಕ್ಕವಿದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಶಬ್ದ ಸಂಹಿತೆ 2014ರ ಜುಲೈ 1ರಿಂದ ಕಡ್ಡಾಯವಾಗಿ ಜಾರಿಗೆ ಬಂತು. ಅದರ ಪ್ರಕಾರ ಕ್ಯಾಬಿನ್‌ಗಳ ನಡುವಿನ ಗೋಡೆ ಕನಿಷ್ಠ 35 ಡೆಸಿಬೆಲ್ ಸದ್ದು ತಡೆಯಬೇಕು. ನಡುವೆ ಒಳಬಾಗಿಲಿದ್ದರೆ 30 ಸಾಕು. ಈ ಸಂಹಿತೆ ಬರೆದದ್ದು ಹಡಗಿನ ಕೆಲಸಗಾರರ ಕಿವಿ, ನಿದ್ದೆಗಳ ರಕ್ಷಣೆಗಾಗಿ, ಪ್ರಯಾಣಿಕರ ಕ್ಯಾಬಿನ್ನಿಗಾಗಿ ಅಲ್ಲ. ಆದರೂ ಹಡಗಿನ ಗೋಡೆಯ ಶಕ್ತಿ ಅಂದಾಜಿಸಲು ಇದು ಒಳ್ಳೆಯ ಅಳತೆಗೋಲು. ನಮ್ಮ ಮನೆಯ ಒಂಬತ್ತು ಅಂಗುಲದ ಗಾರೆ ಮೆತ್ತಿದ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ.

ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ಅದರಲ್ಲಿ 35 ಕಳೆದರೆ 25. ಅದು ಏರ್ ಕಂಡೀಷನರಿನ ಸದ್ದಿನಲ್ಲೇ ಮುಳುಗಿಹೋಗುತ್ತದೆ. ಕೂಗಾಟ 80 ದಾಟಿದರೆ ಪಕ್ಕದವರಿಗೆ 45ಕ್ಕೂ ಮೇಲೆ ತಲುಪುತ್ತದೆ. ಮಲಗುವ ಕೋಣೆಯಲ್ಲಿ ಬಿಡಿ ಸದ್ದುಗಳು 45 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಂದರೆ ಹಡಗಿನ ಗೋಡೆ ಮಾತನ್ನು ಮುಚ್ಚುತ್ತದೆ, ಕೂಗನ್ನು ಮುಚ್ಚಲಾರದು.

ಬಲಗಡೆಯ ದಂಪತಿ

ಬೆಳಿಗ್ಗೆ ತಂದೆಗೆ ಸ್ವಲ್ಪ ಸಮಾಧಾನವಿತ್ತು. ತಪ್ಪು ಎಡಗಡೆಯವರದು, ದೂರು ಕೊಟ್ಟದ್ದಾಯಿತು, ಕೆಲಸವಾಯಿತು. ಓಣಿಗೆ ಬಂದರೆ ಬಲಗಡೆಯ ಕ್ಯಾಬಿನ್ನಿನಿಂದ ವಯಸ್ಸಾದ ದಂಪತಿ ಹೊರಬಂದರು. ಆಸ್ಟ್ರೇಲಿಯಾದ ಬ್ರಿಸ್ಬೇನಿನವರು. ನಮಸ್ಕಾರ, ಕುಶಲ ಎಲ್ಲ ಆದ ಮೇಲೆ ಆ ಹಿರಿಯರು ಬಹಳ ಸಂಕೋಚದಿಂದ ಕೇಳಿದರು: ರಾತ್ರಿ ನಿಮ್ಮಲ್ಲಿ ಯಾರಿಗಾದರೂ ಹುಷಾರಿರಲಿಲ್ಲವೇ? ಬಾಗಿಲು ಎಂಟು ಹತ್ತು ಸಲ ಬಡಿದುಕೊಂಡಿತು, ಆಮೇಲೆ ಯಾರೋ ಗೋಡೆ ಗುದ್ದಿದ ಹಾಗಾಯಿತು.

ತಂದೆಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಗ ನೆಲ ನೋಡಿದ. ಐಸ್‌ಕ್ರೀಮಿಗೆಂದು, ಈಜುಕೊಳ ನೋಡಲೆಂದು, ಮರೆತ ಫೋನಿಗೆಂದು ಅಣ್ಣ-ತಂಗಿ ಹನ್ನೆರಡರವರೆಗೂ ಓಡಾಡಿದ್ದರು. ಪ್ರತಿ ಸಲವೂ ಬಾಗಿಲು ತಾನಾಗಿ ಮುಚ್ಚಿಕೊಂಡಿತ್ತು.

ಇದನ್ನು ಬಿಡಿಸಿ ಹೇಳಿದವನು ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಉಡುಪಿ ಕಡೆಯ ಹುಡುಗ. ಅಜ್ಜಿಯ ಸೀರೆ ನೋಡಿ, ಕನ್ನಡ ಕೇಳಿ, ಅವನೇ ಮಾತಿಗೆ ಬಂದಿದ್ದ. "ನಿದ್ದೆ ಬಂತಾ ಅಜ್ಜಿ?" ಎಂದು ವಿಚಾರಿಸಿದವನು ಬಾಗಿಲನ್ನು ತೋರಿಸಿದ: "ಬೆಂಕಿಯ ಭಯಕ್ಕೆ ಇಲ್ಲಿ ಬಾಗಿಲು ತನ್ನಿಂದ ತಾನೇ ಮುಚ್ಚಬೇಕು ಅಂತ ರೂಲ್ಸ್ ಉಂಟು. ಬಿಟ್ರೆ ಢಬ್ ಅಂತ ಬಡೀತದೆ. ಕೈಯಲ್ಲೇ ತಂದು ಕೂರಿಸ್ಬೇಕು. ನಾವು ಕೆಳಗೆ ಇಬ್ಬಿಬ್ಬರು ಒಂದು ರೂಮಲ್ಲಿ. ಒಬ್ಬ ಡ್ಯೂಟಿ ಮುಗಿಸಿ ಬರುವಾಗ ಇನ್ನೊಬ್ಬ ಮಲಗಿರ್ತಾನೆ. ಇದು ನಮಗೆ ಮೊದಲ ಪಾಠ."

ಉಕ್ಕಿನಲ್ಲಿ ಹುಟ್ಟಿದ ಪೆಟ್ಟು ಉಕ್ಕಿನಲ್ಲೇ ದೂರ ಹರಿಯುತ್ತದೆ. ಹಳಿಗೆ ಕಿವಿಯಿಟ್ಟರೆ ದೂರದ ರೈಲು ಕೇಳಿಸುವುದು ಹೀಗೆಯೇ. ಎಡಗಡೆಯವರಿಗೆಂದು ಗುದ್ದಿದ್ದು ಬಲಗಡೆಯವರನ್ನು ಎಬ್ಬಿಸಿತ್ತು.

ಆದರೆ ಮುಖ್ಯ ಕಾರಣ ಹೊಳೆದದ್ದು ಮೊಮ್ಮಗಳಿಗೆ, ತಿಂಡಿಯ ಮೇಜಿನಲ್ಲಿ. ಅವಳ ಕೈಗಡಿಯಾರ ಇನ್ನೂ ಬೆಂಗಳೂರಿನ ಸಮಯವನ್ನೇ ತೋರಿಸುತ್ತಿತ್ತು. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಹಡಗಿನಲ್ಲಿ ರಾತ್ರಿ ಹನ್ನೆರಡಾದಾಗ ಬೆಂಗಳೂರು, ಪುಣೆಗಳಲ್ಲಿ ಇನ್ನೂ ಒಂಬತ್ತೂವರೆ. ಊಟ ಮುಗಿಸಿ ಹರಟೆ ಹೊಡೆಯುವ ಹೊತ್ತು. ಆದರೆ ಬ್ರಿಸ್ಬೇನಿನಲ್ಲಿ ಆಗ ಬೆಳಗಿನ ಜಾವ ಎರಡು. ಹಡಗಿಗೆ ಒಂದು ಗಡಿಯಾರ, ಹತ್ತಿದವರ ಮೈಗೆ ಬೇರೆಬೇರೆ ಗಡಿಯಾರ. ಪುಣೆಯವರು ದುಷ್ಟರಲ್ಲ, ಬ್ರಿಸ್ಬೇನಿನವರು ಸಿಡುಕರಲ್ಲ. ಇಬ್ಬರ ನಡುವೆ ನಾಲ್ಕೂವರೆ ಗಂಟೆಯಿತ್ತು, ಎರಡಂಗುಲದ ಗೋಡೆಯಿತ್ತು.

ಒಂದೇ ಬೀದಿಯ ನೆರೆಹೊರೆ

ಮಧ್ಯಾಹ್ನ ಹಡಗು ಪೆನಾಂಗ್ ದ್ವೀಪದ ಜಾರ್ಜ್ ಟೌನಿನ ಸ್ವೆಟನ್‌ಹ್ಯಾಮ್ ಕಟ್ಟೆಗೆ ತಾಗಿತು. ಇಲ್ಲಿ ಇಳಿದರೆ ಹಳೆಯ ಪೇಟೆ ಕಾಲ್ನಡಿಗೆಯ ದೂರ. 2008ರಲ್ಲಿ ಮಲಕ್ಕಾದ ಜೊತೆಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು ಇದು. ಅಜ್ಜಿಯೂ ಇಳಿದರು, ಎರಡು ಗಂಟೆ ಮಧ್ಯಾಹ್ನದ ನಿದ್ದೆ ಅವರನ್ನು ಉಳಿಸಿತ್ತು.

ಕ್ವೀನ್ ಸ್ಟ್ರೀಟಿನಲ್ಲಿ 1833ರ ಶ್ರೀ ಮಹಾಮಾರಿಯಮ್ಮನ್ ದೇವಾಲಯ. ಅಲ್ಲಿಂದ ಕೆಲವೇ ಹೆಜ್ಜೆಗೆ, ಹಿಂದೆ ಪಿಟ್ ಸ್ಟ್ರೀಟ್ ಎನಿಸಿಕೊಂಡಿದ್ದ ಬೀದಿಯಲ್ಲಿ, ಭಾರತದಿಂದ ಹೋದ ಮುಸ್ಲಿಂ ವರ್ತಕರು 1801ರಲ್ಲಿ ಕಟ್ಟಿದ ಕಪಿತಾನ್ ಕೆಲಿಂಗ್ ಮಸೀದಿ. ಅದೇ ಬೀದಿಯಲ್ಲಿ ಚೀನೀಯರ ಕರುಣೆಯ ದೇವಿಯ ಗುಡಿ. ತುದಿಯ ಬಳಿ 1818ರ ಸೇಂಟ್ ಜಾರ್ಜ್ ಚರ್ಚ್. ಒಂದರ ಗಂಟೆ, ಇನ್ನೊಂದರ ಬಾಂಗು, ಮತ್ತೊಂದರ ಜಾಗಟೆ ಎಲ್ಲ ಒಂದೇ ಬೀದಿಗೆ ಕೇಳುತ್ತವೆ. ಅಕ್ಕಪಕ್ಕದ ಅಂಗಡಿಮನೆಗಳಂತೂ ಒಂದಕ್ಕೊಂದು ಅಂಟಿಕೊಂಡು, ಎರಡು ಮನೆಗೆ ಒಂದೇ ಗೋಡೆ ಹಂಚಿಕೊಂಡು ನಿಂತಿವೆ. ಇನ್ನೂರು ವರ್ಷ ಹೀಗೆ ಇರುವುದಕ್ಕೆ ದಪ್ಪ ಗೋಡೆಯೊಂದೇ ಸಾಲದು. ಯಾರ ಹೊತ್ತು ಯಾವುದೆಂಬ ತಿಳಿವಳಿಕೆಯೂ ಬೇಕು.

ಕಟ್ಟೆಗೆ ಮರಳುವಾಗ ಪುಣೆಯ ಗೆಳೆಯರು ಎದುರಾದರು. ತಂದೆ ತಾವೇ ಹೋಗಿ ಮಾತನಾಡಿಸಿದರು. ರಾತ್ರಿ ದೂರು ಕೊಟ್ಟದ್ದು ತಾವೇ, ತಾಯಿಗೆ ಬಿ.ಪಿ. ಇದೆ ಎಂದರು. ಗೋಡೆ ಗುದ್ದಿದ್ದಕ್ಕೆ ಮಗ ಕ್ಷಮೆ ಕೇಳಿದ. ಆ ಯುವಕರ ಮುಖ ಸಪ್ಪಗಾಯಿತು. ಪಕ್ಕದಲ್ಲಿ ವಯಸ್ಸಾದವರಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ಇಸ್ಪೀಟು ಮೇಲಿನ ಲೌಂಜಿಗೆ ಹೋಯಿತು.

ಹಡಗಿನಲ್ಲಿ ಗದ್ದಲದ ನೆರೆಯವರು ಸಿಕ್ಕರೆ ಮಾಡಬೇಕಾದ್ದು ಹೆಚ್ಚೇನಿಲ್ಲ. ನಡುರಾತ್ರಿ ತಾವೇ ಹೋಗಿ ಬಾಗಿಲು ತಟ್ಟಿ ಜಗಳಕ್ಕೆ ನಿಲ್ಲದೆ ರಿಸೆಪ್ಷನ್‌ಗೆ ತಿಳಿಸುವುದು. ಸದ್ದಿನ ಸಮಯ, ಕ್ಯಾಬಿನ್ ಸಂಖ್ಯೆ ಹೇಳುವುದು. ಹಗಲು ಹೊತ್ತು ನಗುಮುಖದಿಂದ ಮಾತನಾಡುವುದು. ಮತ್ತೂ ನಿಲ್ಲದಿದ್ದರೆ ಬೇರೆ ಕ್ಯಾಬಿನ್ ಖಾಲಿಯಿದೆಯೇ ಎಂದು ವಿಚಾರಿಸುವುದು. ಕ್ಯಾಬಿನ್ ಗುಡಿಸುವ ಹುಡುಗನನ್ನು ಪಕ್ಕದವರ ಮೇಲೆ ಛೂಬಿಡುವುದು ಸಲ್ಲದು. ಅದು ಅವನ ಕೆಲಸವಲ್ಲ. ಟಿಕೆಟ್ ಕೊಳ್ಳುವಾಗಲೇ ಡೆಕ್ಕಿನ ನಕಾಶೆ ನೋಡಿ, ಮೇಲೂ ಕೆಳಗೂ ಕ್ಯಾಬಿನ್ನುಗಳೇ ಇರುವಂಥದ್ದನ್ನು ಆರಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಈಜುಕೊಳದ ಕೆಳಗಿನ ಕ್ಯಾಬಿನ್ನಿನವರಿಗೆ ಬೆಳಿಗ್ಗೆ ಕುರ್ಚಿ ಎಳೆಯುವ ಸದ್ದು, ಮೂತಿಯ ಬಳಿಯವರಿಗೆ ಲಂಗರಿನ ಸರಪಳಿಯ ಸದ್ದು. ಅಪರಿಚಿತರ ಪಕ್ಕ ಒಳಬಾಗಿಲಿರುವ ಕ್ಯಾಬಿನ್ ಬೇಡವೇ ಬೇಡ.

ಕೊನೆಯ ರಾತ್ರಿ ಅಜ್ಜಿ ಬಾಗಿಲ ಹಿಂಬದಿಗೆ ಅಂಟಿಸಿದ್ದ ಸೂಚನೆಯನ್ನು ಮೊಮ್ಮಗಳ ಕೈಲಿ ಓದಿಸಿಕೊಂಡರು. ಅಪಾಯದ ಸಂಕೇತವೆಂದರೆ ಏಳು ಅಥವಾ ಹೆಚ್ಚು ಸಣ್ಣ ಕೂಗು, ಆಮೇಲೆ ಒಂದು ಉದ್ದ ಕೂಗು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು 32 ಜನ ಸತ್ತಾಗ, ಅಂದೇ ಹತ್ತಿದ ಹಲವರಿಗೆ ಸುರಕ್ಷತಾ ಕವಾಯತು ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಕವಾಯತು ಆಗಲೇಬೇಕು. ಮೊದಲ ದಿನ ಇವರೆಲ್ಲ ಸೇರಿದ್ದ ಜಾಗದಲ್ಲೇ ಪುಣೆಯವರೂ ಬ್ರಿಸ್ಬೇನಿನವರೂ ಇದ್ದರು. ಆಗ ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ.

"ಆ ಕೂಗು ಎದ್ದರೆ ನನ್ನನ್ನು ಎಬ್ಬಿಸುವವರು ಯಾರೋ?" ಎಂದರು ಅಜ್ಜಿ.

"ನಾನಿದ್ದೀನಲ್ಲ ಅಜ್ಜಿ," ಎಂದ ಮೊಮ್ಮಗ.

"ನೀನು ಐಸ್‌ಕ್ರೀಮಿಗೆ ಹೋಗಿದ್ದರೆ?"

ಅವನು ನಕ್ಕು ಎಡಗಡೆಯ ಗೋಡೆ ತೋರಿಸಿದ, ಬಲಗಡೆಯದನ್ನೂ ತೋರಿಸಿದ. ಆಮೇಲೆ ಹೊರಗೆ ಹೋದ. ಬಾಗಿಲನ್ನು ಕೈಯಲ್ಲೇ ತಂದು ಕೂರಿಸಿದ. ಬೀಗ ಕಚ್ಚಿದ ಸದ್ದು ಅಜ್ಜಿಗೂ ಕೇಳಿಸಲಿಲ್ಲ.