ದೀಪಾವಳಿಗೆ ಬಂದ ದೆವ್ವಗಳು

2024 ರ ಅಕ್ಟೋಬರ್ 31 ರಂದು ಪಂಚಾಂಗವೂ ಕ್ಯಾಲೆಂಡರೂ ಸೇರಿಕೊಂಡು ಒಂದು ಸಣ್ಣ ಕುಚೇಷ್ಟೆ ಮಾಡಿದುವು. ನರಕ ಚತುರ್ದಶಿಯೂ ಪಾಶ್ಚಾತ್ಯರ ದೆವ್ವಗಳ ಹಬ್ಬವಾದ ಹ್ಯಾಲೋವೀನೂ ಒಂದೇ ದಿನಕ್ಕೆ ಬಂದು ಕುಳಿತುವು. ಬೆಂಗಳೂರಿನಂಥ ಪಟ್ಟಣದಲ್ಲಿ ಇದರಿಂದ ಯಾರಿಗೂ ತೊಡಕಾಗಿರಲಾರದು. ತೊಡಕಾದದ್ದು ಬಳ್ಳಾರಿಯ ಸಮೀಪದ ಕುಡತಿನಿಯಲ್ಲಿ, ಒಂದು ಮನೆಯ ಫ್ರಿಜ್ಜಿನೊಳಗೆ.

ಆ ಮನೆಯ ಕೊನೆಯ ಮಗಳಿಗೆ ಅದೇ ಬೇಸಗೆಯಲ್ಲಿ ಮದುವೆಯಾಗಿತ್ತು. ಹೊಸ ಅಳಿಯ ಮೊದಲ ದೀಪಾವಳಿಗೆ ಮಾವನ ಮನೆಗೆ ಬರಬೇಕೆಂಬುದು ಲೋಕರೂಢಿ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು, ಬಳ್ಳಾರಿಯಲ್ಲಿಳಿದು, ಬಸ್ಸು ಹಿಡಿದು ಬಂದ ದಂಪತಿಗಳನ್ನು ಮಾವನವರು ನಿಲ್ದಾಣದಲ್ಲೇ ಎದುರುಗೊಂಡರು. ಗಣಿಯ ಕಂಪೆನಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದ, ಎಪ್ಪತ್ತನ್ನು ಮುಟ್ಟಿದ ಮನುಷ್ಯ. ಬೇಡವೆಂದರೂ ಕೇಳದೆ ಅಳಿಯನ ಚೀಲವನ್ನು ಕೈಗೆತ್ತಿಕೊಂಡರು. ಒಳಗೆ ಗಾಜಿಗೆ ಗಾಜು ತಾಗಿದ ಸದ್ದಾಯಿತು. ಮಾವನವರು ಒಂದು ಗಳಿಗೆ ನಿಂತು, ಮತ್ತೆ ನಡೆದರು.

ಅಳಿಯ ದುಷ್ಟನಲ್ಲವೆಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ಕೆಲಸಮಾಡುವ, ಹಿರಿಯರೆದುರಿಗೆ ಕಾಲಮೇಲೆ ಕಾಲು ಹಾಕದ ಹುಡುಗ. ಅವನಿಗಿದ್ದುದು ಒಂದೇ ಗೀಳು. ವರ್ಷಕ್ಕೊಮ್ಮೆ ಅಕ್ಟೋಬರಿನ ಕೊನೆಯ ರಾತ್ರಿ ಗೆಳೆಯರನ್ನು ಕೂಡಿಸಿ ದೆವ್ವದ ಚಲಚ್ಚಿತ್ರಗಳನ್ನು ತೋರಿಸುವುದು. ಯಾವ ಚಿತ್ರಕ್ಕೆ ಯಾವ ಬಿಯರ್ ಒಪ್ಪುತ್ತದೆಂದು ಮೊದಲೇ ಪಟ್ಟಿ ಬರೆಯುವುದು. ಗಂಡುಹೆಣ್ಣಿನ ಜಾತಕಗಳನ್ನು ಕೂಡಿಸುವ ಜೋಯಿಸರಿಗೂ ಅಷ್ಟು ಶ್ರದ್ಧೆ ಇರಲಾರದು. ಈ ವರ್ಷ ಹಬ್ಬ ಅಡ್ಡಬಂದುದರಿಂದ ಪಟ್ಟಿಯನ್ನೂ ನಾಲ್ಕು ಬಾಟಲಿಗಳನ್ನೂ ಚೀಲಕ್ಕೆ ಹಾಕಿಕೊಂಡು ಬಂದಿದ್ದ. ಮಾವನವರು ರಸಿಕರು, ಹಳೆಯ ಚಿತ್ರಗಳ ಪ್ರೇಮಿಗಳು ಎಂದು ಹೆಂಡತಿಯ ಬಾಯಿಂದ ಕೇಳಿದ್ದೇ ಅವನಿಗೆ ಧೈರ್ಯ ಕೊಟ್ಟಿತ್ತು.

ಚತುರ್ದಶಿಯ ಬೆಳಗ್ಗೆ ಅತ್ತೆಯವರು ಅಳಿಯನ ನೆತ್ತಿಗೆ ಎಣ್ಣೆ ಒತ್ತಿದರು. ಬೆಂಗಳೂರಿನ ಹುಡುಗರ ಆಡುಮಾತಿನಲ್ಲಿ ಎಣ್ಣೆಯೆಂದರೆ ಬೇರೆಯೇ ಅರ್ಥ. ಅದು ನೆನಪಾಗಿ ಅಳಿಯ ಒಳಗೊಳಗೇ ನಕ್ಕ. ಅವನ ನಗು ಅಂದಿಗೆ ಅಷ್ಟೇ.

ಸ್ನಾನ, ಊಟ ಮುಗಿದಮೇಲೆ ಮಾವನವರೇ ಕೇಳಿದರು: “ಏನೋ ಪಟ್ಟಿ ಮಾಡಿದ್ದೀರಂತೆ, ಓದಿ ನೋಡೋಣ.”

ಅಳಿಯ ಓದಿದ, ಓದುವುದಕ್ಕಿಂತ ಹೆಚ್ಚಾಗಿ ವಿವರಿಸಿದ. ಬಿಯರಿಗೂ ಋತುವಿದೆ ಎಂಬುದೇ ಮಾವನವರಿಗೆ ಸೋಜಿಗ. ಬವೇರಿಯಾದಲ್ಲಿ 1553 ರ ಒಂದು ರಾಜಾಜ್ಞೆಯಂತೆ ಏಪ್ರಿಲ್ 23 ರಿಂದ ಸೆಪ್ಟೆಂಬರ್ 29 ರವರೆಗೆ ಯಾರೂ ಬಿಯರ್ ತಯಾರಿಸುವಂತಿರಲಿಲ್ಲ. ಬೇಸಗೆಯ ಸೆಕೆಗೆ ಹುದುಗು ಕೆಡುತ್ತದೆ. ಆದುದರಿಂದ ಮಾರ್ಚಿ ತಿಂಗಳಲ್ಲೇ ಕೊಂಚ ಗಡುಸಾಗಿ ಮಾಡಿ, ನೆಲಮಾಳಿಗೆಯ ತಂಪಿನಲ್ಲಿ ಇರಿಸಿ, ಶರತ್ಕಾಲಕ್ಕೆ ತೆರೆಯುತ್ತಿದ್ದರು. ಮಾರ್ಚಿಯ ಹೆಸರೇ ಅದಕ್ಕೆ ನಿಂತು ಮೆರ್ಟ್ಸನ್ ಎನ್ನಿಸಿಕೊಂಡಿತು. ಇದಕ್ಕೆ ಜರ್ಮನರದೇ ಆದ ‘ನಾಸ್ಫೆರಾಟು’ ಒಪ್ಪುತ್ತದೆಂಬುದು ಅಳಿಯನ ಸಿದ್ಧಾಂತ. 1922 ರ ಆ ಮೂಕಚಿತ್ರದಲ್ಲಿ ರಕ್ತ ಹೀರುವ ಪಿಶಾಚಿಯೂ ಮಣ್ಣು ತುಂಬಿದ ಶವಪೆಟ್ಟಿಗೆಯಲ್ಲಿ ಮಲಗಿದ್ದು, ಸಮಯ ನೋಡಿ ಏಳುತ್ತದೆ.

ಹುರಿದ ಬಾರ್ಲಿಯಿಂದಾಗುವ ಕಪ್ಪು ಬಿಯರು ‘ಸೈಕೋ’ ಚಿತ್ರಕ್ಕೆ. ಅದರಲ್ಲಿ ಕಾಫಿಯ, ಚಾಕೊಲೇಟಿನ ವಾಸನೆಯುಂಟು. 1960 ರ ಆ ಚಿತ್ರದ ಸ್ನಾನಗೃಹದಲ್ಲಿ ಹರಿಯುವ ರಕ್ತವಾದರೋ ಚಾಕೊಲೇಟಿನ ಪಾಕವೇ. ಕಪ್ಪುಬಿಳುಪಿನ ಚಿತ್ರವಾದುದರಿಂದ ಹಿಚ್‌ಕಾಕನಿಗೆ ಅದು ಸಾಕಾಯಿತು.

ಆದರೆ ಅವನ ಜೋಡಿಗಳಲ್ಲೆಲ್ಲ ಸೊಗಸಾದದ್ದು ಮೂರನೆಯದು. ಗೋಧಿಯ ಬಿಯರಿಗೆ ‘ಆಪ್ತಮಿತ್ರ’. ಜರ್ಮನರ ಪದ್ಧತಿಯ ಗೋಧಿಯ ಬಿಯರನ್ನು ಮೂಗಿಗೆ ಹಿಡಿದರೆ ಲವಂಗದ, ಬಾಳೆಹಣ್ಣಿನ ವಾಸನೆ ಬರುತ್ತದೆ. ಆದರೆ ಅದಕ್ಕೆ ಲವಂಗವನ್ನೂ ಹಾಕಿಲ್ಲ, ಬಾಳೆಹಣ್ಣನ್ನೂ ಹಾಕಿಲ್ಲ. ಹುದುಗು ತನ್ನಷ್ಟಕ್ಕೆ ತಾನು ಹುಟ್ಟಿಸುವ ಪರಿಮಳವದು. 2004 ರ ‘ಆಪ್ತಮಿತ್ರ’ದಲ್ಲಿಯೂ ಹೊರಗಿನಿಂದ ಯಾವ ದೆವ್ವವೂ ಬಂದಿಲ್ಲ. ನಾಗವಲ್ಲಿ ಹುಟ್ಟಿದ್ದು ಆ ಹೆಣ್ಣುಮಗಳ ಮನಸ್ಸಿನೊಳಗೇ. ಆ ಪಾತ್ರವನ್ನು ಮಾಡಿದ ಸೌಂದರ್ಯ ಚಿತ್ರ ತೆರೆಗೆ ಬರುವ ಮುನ್ನವೇ, ಅದೇ ಏಪ್ರಿಲಿನಲ್ಲಿ, ವಿಮಾನಾಪಘಾತದಲ್ಲಿ ತೀರಿಕೊಂಡಿದ್ದರು. ಪ್ರೇಕ್ಷಕರು ಅಂದು ಹೆದರಿದ್ದಕ್ಕಿಂತ ಹೆಚ್ಚಾಗಿ ಅತ್ತರೆಂದರೂ ಸಲ್ಲುತ್ತದೆ.

“ದೆವ್ವವಿಲ್ಲದ ದೆವ್ವಕ್ಕೆ ಲವಂಗವಿಲ್ಲದ ಲವಂಗ!” ಎಂದು ಮಾವನವರು ತೊಡೆ ತಟ್ಟಿದರು. ಬಳಿಕ, “ಹ್ಯಾಲೋವೀನು ಹೊಸದೇನಲ್ಲ ಬಿಡಿ. ಅವರು ಕುಂಬಳಕಾಯಿ ಕೊರೆದು ದೀಪವಿಡುತ್ತಾರೆ, ನಾವು ಬೂದುಗುಂಬಳ ಬಾಗಿಲಿಗೆ ಕಟ್ಟುತ್ತೇವೆ. ಅವರ ಸತ್ತವರು ಸುಗ್ಗಿ ಮುಗಿದಮೇಲೆ ಬರುತ್ತಾರೆ, ನಮ್ಮವರು ಮಹಾಲಯ ಅಮಾವಾಸ್ಯೆಗೆ ಬಂದು ಉಂಡು ಹೋಗುತ್ತಾರೆ,” ಎಂದರು. ಐರ್ಲೆಂಡಿನವರು ಮೊದಲು ಕೊರೆಯುತ್ತಿದ್ದುದು ಕುಂಬಳವನ್ನಲ್ಲ, ಟರ್ನಿಪ್ ಗೆಡ್ಡೆಯನ್ನು. ಕುಂಬಳ ಬಂದದ್ದು ಅಮೆರಿಕೆಗೆ ಹೋದಮೇಲೆ ಎಂದು ಅಳಿಯ ತಿದ್ದಿದ. ಮಗಳು ತನ್ನ ಬಾಲ್ಯದಲ್ಲಿ, ತೊಂಬತ್ತರ ದಶಕದಲ್ಲಿ, ಬಾಗಿಲು ತಟ್ಟುವ ದೆವ್ವವನ್ನು ಹಿಂದಕ್ಕೆ ಕಳಿಸಲು ಜನ ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನೆನೆದಳು. ಸಾಲಗಾರನಿಗೆ ಹೇಳುವ ಮಾತನ್ನೇ ದೆವ್ವಕ್ಕೂ ಹೇಳಿ ಪಾರಾಗುವ ಜಾಣತನ ಯಾವ ದೇಶದವರಿಗಿದೆ?

ಸಂಜೆ ಬಿಸಿಲು ಇಳಿದಮೇಲೆ ಮಾವನವರು ಅಳಿಯನನ್ನು ಊರಾಚೆಯ ಬೂದಿದಿಬ್ಬಕ್ಕೆ ಕರೆದೊಯ್ದರು. ಕುಡತಿನಿಯವರ ಸ್ವಂತ ರಾಕ್ಷಸ ಇರುವುದು ಅಲ್ಲಿ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿಯೆಂದು ಜನ ಹೇಳುತ್ತ ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಈ ದಿಬ್ಬಗಳ ವಿಷಯ ಬರೆದಂದಿನಿಂದ ವಿದ್ವಾಂಸರು ತಲೆ ಕೆಡಿಸಿಕೊಂಡರು. ಕಡೆಗೆ ಆಲ್ಚಿನ್ ಮೊದಲಾದವರ ಶೋಧನೆಯಿಂದ ತಿಳಿದುಬಂದದ್ದೇನೆಂದರೆ, ಇದು ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯ ಬೂದಿ. ನಾಲ್ಕು ಸಾವಿರ ವರ್ಷಗಳಷ್ಟು ಹಳೆಯದು. ರಾಕ್ಷಸ ಹೋಗಿ ಸಗಣಿ ಉಳಿಯಿತಲ್ಲಾ ಎಂದು ಅಳಿಯನಿಗೆ ನಿರಾಸೆಯಾಯಿತು. ಮಾವನವರು ದೂರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಹೊಗೆಗೊಳವೆಗಳತ್ತ ಕೈ ತೋರಿಸಿ, “ಹದಿನೇಳು ನೂರು ಮೆಗಾವಾಟಿನದು. ಕಲ್ಲಿದ್ದಲು ಸುಟ್ಟ ಬೂದಿ ಅಲ್ಲಿಯೂ ಇದೆ. ಮುಂದೆ ಯಾವ ರಾಕ್ಷಸನ ಹೆಸರು ಹೇಳುತ್ತಾರೋ,” ಎಂದರು. ಅಲ್ಲಿಯೇ ಅವರು ಪಟ್ಟಿಗೆ ತಮ್ಮದೊಂದು ಜೋಡಿಯನ್ನೂ ಸೇರಿಸಿದರು. ಹಿಡಿಂಬನ ತಂಗಿಯ ಮಗ ಘಟೋತ್ಕಚನಲ್ಲವೆ? 1957 ರ ‘ಮಾಯಾಬಜಾರ್’ ಚಿತ್ರದಲ್ಲಿ ಎಸ್. ವಿ. ರಂಗರಾವ್ ಮದುವೆಯ ಅಡಿಗೆಯನ್ನೆಲ್ಲ ಒಬ್ಬರೇ ನುಂಗಿದ ಆ ದೃಶ್ಯಕ್ಕೆ ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ. ಅದೂ ಲೋಟದಲ್ಲಲ್ಲ, ಕೊಡದಲ್ಲಿ.

ಇವರು ದಿಬ್ಬದ ಮೇಲಿದ್ದಾಗ ಅತ್ತೆಯವರು ಹಾಲು ತೆಗೆಯಲು ಫ್ರಿಜ್ಜು ತೆರೆದರು. ಮೊಸರಿನ ಪಾತ್ರೆಯ ಹಿಂದೆ ಬಾಟಲಿಗಳು ಸಾಲಾಗಿ ನಿಂತಿದ್ದುವು.

ಬಳ್ಳಾರಿಗೆ ಪಾನನಿಷೇಧ ಹೊಸದಲ್ಲ. ಅದು ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, 1948 ರ ಗಾಂಧೀಜಯಂತಿಯ ಹೊತ್ತಿಗೆ, ಆ ಪ್ರಾಂತದುದ್ದಕ್ಕೂ ನಿಷೇಧವಿತ್ತು. 1953 ರಲ್ಲಿ ಜಿಲ್ಲೆ ಮೈಸೂರಿಗೆ ಸೇರಿತು. ಮುಂದೆ ಅಂಗಡಿಗಳು ತೆರೆದುವು. 2007 ರಲ್ಲಿ ಸಾರಾಯಿ ಮಾತ್ರ ನಿಂತಿತು. ಸರಕಾರಗಳ ಬಾಗಿಲು ಹೀಗೆ ತೆರೆದು ಮುಚ್ಚಿ ಆಗುತ್ತಿದ್ದರೂ ಅತ್ತೆಯವರ ಅಡಿಗೆಮನೆಯ ಕಾನೂನು 1992 ರಿಂದ ಒಂದೇ ಸಮನೆ ಜಾರಿಯಲ್ಲಿತ್ತು. ಅವರು ಏನನ್ನೂ ಮುಟ್ಟದೆ ಬಾಗಿಲು ಮುಚ್ಚಿದರು. ಹಬ್ಬದ ಸಂಜೆಯೆಲ್ಲ ಮಾತಿಲ್ಲ. ಮಗಳು ಕೇಳಿದ್ದಕ್ಕೆ ತಲೆನೋವೆಂದರು.

ರಾತ್ರಿ ಹಣತೆಗಳಿಗೆ ಎಣ್ಣೆ ತುಂಬಿದಮೇಲೆ, ಯಾವ ಚಿತ್ರ ನೋಡುವುದೆಂಬ ಪ್ರಶ್ನೆ ಬಂದಿತು. ಅಳಿಯ ಪಟ್ಟಿಯ ನಾಲ್ಕನೆಯ ಹೆಸರನ್ನು ಓದಿದ: ‘ನಾ ನಿನ್ನ ಬಿಡಲಾರೆ’. 1979 ರದು, ಅನಂತನಾಗ್, ಲಕ್ಷ್ಮಿ ನಟಿಸಿದ್ದು. ಸತ್ತ ಹೆಣ್ಣೊಬ್ಬಳ ಪ್ರೇತ ಗಂಡನ ಮೈಯನ್ನು ಹೊಗುತ್ತದೆ, ಹೆಂಡತಿ ಅದರೊಡನೆ ಹೋರಾಡುತ್ತಾಳೆ. ಎರಡು ವರ್ಷ ಕಳೆದು ಹಿಂದಿಯಲ್ಲಿ ‘ಮಂಗಳಸೂತ್ರ’ವಾದಾಗಲೂ ಗಂಡನ ಪಾತ್ರ ಅನಂತನಾಗರದೇ. ಇದಕ್ಕೆ ಯಾವ ಬಿಯರೆಂದು ಮಾತ್ರ ಅಳಿಯನಿಗೆ ತೀರ್ಮಾನಿಸಲಾಗಿರಲಿಲ್ಲ. ಅದರ ಎದುರಿಗೆ ಜಾಗ ಖಾಲಿ ಬಿಟ್ಟಿದ್ದ. “ಹೇಳಿ ಅತ್ತೆ, ನೀವು ನೋಡಿದ್ದೀರಾ?” ಎಂದು ಸಲುಗೆಯಿಂದ ಕೇಳಿದ.

ಅತ್ತೆಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಎರಡು ಸಲ ನೋಡಿದ್ದೇನೆ. ಒಂದು ಸಲ ಮದುವೆಯಾದ ವರ್ಷ, ಬಳ್ಳಾರಿಯಲ್ಲಿ, ಟಿಕೆಟು ಕೊಂಡು. ಇನ್ನೊಂದು ಸಲ ಈ ಮನೆಯಲ್ಲೇ. ಅದು ಒಂಬತ್ತು ವರ್ಷ ನಡೆಯಿತು.”

ಅಳಿಯನಿಗೆ ತಿಳಿಯಲಿಲ್ಲ. ಮಗಳಿಗೂ ತಿಳಿಯಲಿಲ್ಲ. ಮಾವನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರಸಿಕೊಂಡರು.

“ಅವಳು ಹೇಳುವುದು ನನ್ನ ಸಂಗತಿ, ಅಳಿಯಂದಿರೆ. ಎಂಬತ್ತಮೂರರಿಂದ ತೊಂಬತ್ತೆರಡರ ತನಕ. ಸಂಬಳದ ದಿನ ನಾನು ಮನೆಗೆ ಬರುತ್ತಿರಲಿಲ್ಲ, ಬಂದವನು ನಾನಾಗಿರುತ್ತಿರಲಿಲ್ಲ. ಇವಳು ಹುಟ್ಟುವ ಮುನ್ನ ಬಿಟ್ಟೆ. ನಿಮ್ಮ ಚೀಲ ಎತ್ತಿದಾಗಲೇ ಗೊತ್ತಾಯಿತು. ತುಂಬಿದ ಬಾಟಲಿಯ ಸದ್ದೇ ಬೇರೆ. ಅಲ್ಲಿಯೇ ಹೇಳಬೇಕಾಗಿತ್ತು. ಹೊಸ ಅಳಿಯ, ನಾಚಿಕೆಯಾಯಿತು.”

ಮಗಳಿಗೆ ಆಗ ಒಂದು ಸಂಗತಿ ನೆನಪಿಗೆ ಬಂತು. ಅಪ್ಪ ಸಂಜೆ ತಡವಾಗಿ ಬಂದ ದಿನ ಅಮ್ಮ ಒಗೆಯಲು ಹಾಕುವ ಮುನ್ನ ಅಂಗಿಯನ್ನು ಒಮ್ಮೆ ಮುಖದ ಬಳಿಗೆ ಒಯ್ಯುತ್ತಿದ್ದರು. ಅದು ಪ್ರೀತಿಯ ಒಂದು ಬಗೆಯೆಂದು ಅವಳು ಮೂವತ್ತು ವರ್ಷ ತಿಳಿದಿದ್ದಳು. ಪ್ರಾಯಶಃ ಅವಳು ತಿಳಿದದ್ದು ಪೂರ್ಣ ತಪ್ಪೂ ಅಲ್ಲ.

ಅಳಿಯ ಎದ್ದು ಬಾಟಲಿಗಳನ್ನು ಹೊರಗೆ ಸುರಿದುಬರುವೆನೆಂದ. ಅತ್ತೆಯವರು ತಡೆದರು. “ದುಡ್ಡು ಕೊಟ್ಟು ತಂದದ್ದು. ನಿಮಗೆ ಬೇಕಾದರೆ ಕುಡಿಯಿರಿ, ನೀವು ಅವರಲ್ಲ. ನನ್ನ ಎದುರಿಗೆ ಬೇಡ, ಅಷ್ಟೇ.” ಅವನು ಕುಡಿಯಲಿಲ್ಲ. ಸ್ವಲ್ಪ ಹೊತ್ತಾದಮೇಲೆ, “ಹಾಕಿ ಆ ಚಿತ್ರವನ್ನು,” ಎಂದವರೂ ಅತ್ತೆಯವರೇ. ಒಳಗೆ ಹೋಗಿ ಕೊತ್ತಂಬರಿ ಬೀಜ, ಜೀರಿಗೆ, ಒಣಶುಂಠಿ ಕುಟ್ಟಿ, ಬೆಲ್ಲ ಹಾಕಿ ಕಷಾಯ ಕಾಯಿಸಿ ತಂದರು. ಮಾವನವರಿಗೆ ಕೊಡುವಾಗ ಲೋಟ ಬಿಸಿಯಿದೆಯೆಂದು ಸೆರಗಿನ ತುದಿ ಸುತ್ತಿ ಕೊಟ್ಟರು.

ಚಿತ್ರ ಈಗಿನವರಿಗೆ ಅಷ್ಟೇನೂ ಹೆದರಿಕೆ ಹುಟ್ಟಿಸುವಂಥದಲ್ಲ. ಅಳಿಯನ ಕಣ್ಣು ತೆರೆಯ ಮೇಲೆ ನಿಲ್ಲಲಿಲ್ಲ. ಪ್ರೇತ ಹೊಕ್ಕ ಗಂಡನ ಎದುರು ಹೆಂಡತಿ ನಿಂತಾಗಲೆಲ್ಲ ಮಾವನವರು ತಲೆ ತಗ್ಗಿಸುತ್ತಿದ್ದರು. ಅತ್ತೆಯವರು ಮಾತ್ರ ರೆಪ್ಪೆ ಹಾಕದೆ ನೋಡುತ್ತಿದ್ದರು. ಒಮ್ಮೆ, “ಅವಳಿಗೆ ಕೊನೆಗೆ ಮೂರು ಗಂಟೆಯಲ್ಲಿ ಮುಗಿಯಿತು, ಪುಣ್ಯವಂತೆ,” ಎಂದು ನಕ್ಕರು. ಯಾರೂ ಜೊತೆಗೂಡಿ ನಗಲಿಲ್ಲವಾದ್ದರಿಂದ ಇನ್ನೊಮ್ಮೆ ಒಬ್ಬರೇ ನಕ್ಕರು.

ಬಲಿಪಾಡ್ಯಮಿ ಕಳೆದ ಮರುದಿನ ದಂಪತಿಗಳು ಹೊರಟರು. ಅತ್ತೆಯವರು ಚಕ್ಕುಲಿ, ಶೇಂಗಾ ಹೋಳಿಗೆಗಳ ಡಬ್ಬಿಗಳನ್ನು ಕಟ್ಟಿದರು. ಬಳಿಕ ಫ್ರಿಜ್ಜಿನಿಂದ ಬಾಟಲಿಗಳನ್ನು ತಾವೇ ತೆಗೆದು, ನೀರಪಸೆಯನ್ನು ಒರಸಿ, ಒಂದೊಂದನ್ನೂ ಹಳೆಯ ವೃತ್ತಪತ್ರಿಕೆಯಲ್ಲಿ ದಪ್ಪಗೆ ಸುತ್ತಿ, ಬಟ್ಟೆಗಳ ನಡುವೆ ಇಟ್ಟರು. ನಿಲ್ದಾಣದವರೆಗೂ ಚೀಲವನ್ನು ಮಾವನವರೇ ಹೊತ್ತರು. ಈ ಸಲ ಸದ್ದು ಬರಲಿಲ್ಲ. ಸುತ್ತುವ ಮುನ್ನ ಅತ್ತೆಯವರು ಬಾಟಲಿಗಳನ್ನು ಎಣಿಸಿದ್ದನ್ನು ಮಗಳು ಬಾಗಿಲ ಮರೆಯಿಂದ ಕಂಡಿದ್ದಳು. ನಾಲ್ಕಿದ್ದುವು. ಮುಚ್ಚಳಗಳನ್ನು ಬೆರಳಿನಿಂದ ಒತ್ತಿ ನೋಡಿ, ಅವರು ಇನ್ನೊಮ್ಮೆ ಎಣಿಸಿದರು.