ಮೊಟ್ಟೆ ಒಳಗಿನ ಬುತ್ತಿ

ನಮ್ಮ ಕಡೆ ಈಗ ಸೊಪ್ಪು ಚೆನ್ನಾಗಿ ಬಂದಿದೆ, ಎಲ್ಲರೂ ಮುಂದಿನ ಬೆಳೆಗೆ ಮೊಟ್ಟೆ ತರೋ ಯೋಚನೆಯಲ್ಲಿದ್ದೀರಿ. ಇದರ ಜೊತೆಗೇ ಒಂದು ಸುದ್ದಿ ಊರೂರಿಗೆ ಓಡಾಡ್ತಾ ಇದೆ. ಯಾರೋ ಅರ್ಧ ರೇಟಿಗೆ ಮೊಟ್ಟೆ ಕೊಡ್ತಾರಂತೆ, ಬಿಲ್ಲು ಇಲ್ಲ, ಚೀಟಿ ಇಲ್ಲ, ಮನೆ ಬಾಗಿಲಿಗೇ ತಂದು ಕೊಡ್ತಾರಂತೆ. ಇಬ್ಬರು ನನ್ನನ್ನೂ ಕೇಳಿದ್ರು, "ತಗೊಳ್ಳೋಣವಾ ಅಣ್ಣಾ?" ಅಂತ. ಬೇಡ ಅಂತ ಒಂದೇ ಮಾತಲ್ಲಿ ಹೇಳಿದ್ರೆ ಯಾರೂ ಒಪ್ಪಲ್ಲ. ಯಾಕೆ ಬೇಡ ಅಂತ ಗೊತ್ತಾಗಬೇಕಾದ್ರೆ ಮೊಟ್ಟೆ ಒಳಗೆ ಏನಿದೆ, ಅದು ಎಲ್ಲಿಂದ ಬಂತು ಅಂತ ತಿಳೀಬೇಕು. ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ಮೊದಲು ಕೋಳಿ ವಿಷಯ ಹೇಳ್ತೀನಿ, ಅದು ಕಣ್ಣಿಗೆ ಕಾಣೋದು. ಮೊಟ್ಟೆ ಇಡೋ ನಾಟಿ ಕೋಳಿ ಕುಯ್ದಾಗ ಬೆನ್ನಿನ ಎಡಗಡೆ ದ್ರಾಕ್ಷಿ ಗೊಂಚಲಿನ ಹಾಗೆ ಹಳದಿ ಉಂಡೆಗಳು ಇರೋದನ್ನ ಎಲ್ಲರೂ ನೋಡಿದ್ದೀವಿ. ಸಾಸಿವೆ ಕಾಳಷ್ಟು, ಕಡಲೆ ಕಾಳಷ್ಟು, ನಿಂಬೆಹಣ್ಣಷ್ಟು, ಹೀಗೆ ಸಾಲಾಗಿ. ಆ ಹಳದಿ ಅಲ್ಲೇ ತಯಾರಾಗುತ್ತೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ಅಡುಗೆಮನೆ ಇರೋದು ಪಿತ್ತಜನಕಾಂಗದಲ್ಲಿ, ಅಂದ್ರೆ ನಾವು ಲಿವರ್ ಅಂತೀವಲ್ಲ, ಅಲ್ಲಿ. ಕೋಳಿ ಮೊಟ್ಟೆಗೆ ಬಂದಾಗ ಅದರ ಮೈಯಲ್ಲಿ ಹೆಣ್ಣು ಹಾರ್ಮೋನು ಜಾಸ್ತಿಯಾಗಿ, ಲಿವರ್ ಒಂದು ಪ್ರೋಟೀನು ಮತ್ತೆ ಕೊಬ್ಬು ತಯಾರು ಮಾಡೋಕೆ ಶುರು ಮಾಡುತ್ತೆ. ಆ ಪ್ರೋಟೀನಿನ ಹೆಸರು ವಿಟೆಲೊಜೆನಿನ್. ಅದು ರಕ್ತದಲ್ಲಿ ಹರಿದು ಬಂದು ಆ ಉಂಡೆಗಳೊಳಗೆ ತುಂಬ್ಕೊಳ್ಳುತ್ತೆ. ಸಣ್ಣ ಉಂಡೆ ತಿಂಗಳುಗಟ್ಟಲೆ ಹಾಗೇ ಇದ್ದು, ಕೊನೆಯ 8-10 ದಿನದಲ್ಲಿ ಮಾತ್ರ ಬಲಿಯುತ್ತೆ. ಬಲಿತ ಹಳದಿ ಕಳಚಿ ಕೆಳಗೆ ಬಂದ ಮೇಲೆ ಬಿಳಿ ಲೋಳೆ ಸುತ್ತಿ, ಚಿಪ್ಪು ಕಟ್ಟಿ ಹೊರಗೆ ಬರೋಕೆ ಇನ್ನೊಂದು ದಿನ ಸಾಕು. ಅದರಲ್ಲೂ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತೆ.

ಹಳದಿಯಲ್ಲಿ ಹೆಚ್ಚುಕಡಿಮೆ ಅರ್ಧ ನೀರು, ಮೂರರಲ್ಲಿ ಒಂದು ಪಾಲು ಕೊಬ್ಬು, ಉಳಿದಿದ್ದರಲ್ಲಿ ಹೆಚ್ಚಿನದು ಪ್ರೋಟೀನು. ಹಳದಿಯೇ ಮರಿ ಆಗೋದು ಅಂತ ನಮ್ಮ ಹಿರಿಯರು ಹೇಳ್ತಿದ್ರು. ನಿಜವಾಗಿ ಮರಿ ಆಗೋದು ಹಳದಿ ಮೇಲೆ ಇರೋ ಒಂದು ಸಣ್ಣ ಬಿಳಿ ಚುಕ್ಕೆಯಿಂದ. ಹಳದಿ ಅದಕ್ಕೆ ತಾಯಿ ಕಟ್ಟಿಕೊಟ್ಟ ಬುತ್ತಿ. 21 ದಿನ ಕಾವಿನಲ್ಲಿ ಮರಿ ಅದನ್ನೇ ತಿಂದು ಬೆಳೆಯುತ್ತೆ. ಪೂರ್ತಿ ಮುಗಿಸೋದೂ ಇಲ್ಲ, ಹೊರಗೆ ಬರೋಕೆ ಮುಂಚೆ ಉಳಿದ ಹಳದಿಯನ್ನ ಹೊಕ್ಕಳಿನಿಂದ ಹೊಟ್ಟೆ ಒಳಗೆ ಎಳ್ಕೊಳ್ಳುತ್ತೆ. ಒಂದು ದಿನದ ಫಾರಂ ಮರಿಗಳನ್ನ ನೀರು ಮೇವು ಇಲ್ಲದೆ ಡಬ್ಬಿಯಲ್ಲಿ ಹಾಕಿ ದೂರದ ಊರಿಗೆ ಸಾಗಿಸ್ತಾರಲ್ಲ, ಅದು ನಡೆಯೋದು ಈ ಉಳಿದ ಬುತ್ತಿಯಿಂದಲೇ.

ಹಸುವಿನ ವಿಷಯ ಬೇರೆ. ಅದರ ಅಂಡಾಣು ಬರಿಗಣ್ಣಿಗೆ ಕಾಣೋದೂ ಕಷ್ಟ, ಅದರಲ್ಲಿ ಬುತ್ತಿ ಇಲ್ಲ ಅಂದ್ರೂ ತಪ್ಪಿಲ್ಲ. ಹೊಟ್ಟೆಯಲ್ಲಿರೋವರೆಗೆ ಮಾಸಿನ ಮೂಲಕ ಊಟ, ಹುಟ್ಟಿದ ಮೇಲೆ ಹಾಲು. ನಾವು ಡೇರಿಗೆ ಹಾಕೋ ಹಾಲು ಮೂಲದಲ್ಲಿ ಕರುವಿನ ಬುತ್ತಿನೇ. ಒಟ್ಟಿನಲ್ಲಿ ಯಾವ ಪ್ರಾಣಿ ಆದ್ರೂ ಮರಿಗೆ ಮೊದಲ ಊಟ ತಾಯಿ ಮೈಯಿಂದಲೇ ಬರಬೇಕು.

ಈಗ ನಮ್ಮ ಹುಳುವಿಗೆ ಬರ್ತೀನಿ. ರೇಷ್ಮೆ ಚಿಟ್ಟೆ ಏನೂ ತಿನ್ನಲ್ಲ. ತಿನ್ನೋ ಬಾಯಿಯೇ ಅದಕ್ಕಿಲ್ಲ. ಗೂಡಿನಿಂದ ಹೊರಗೆ ಬರುತ್ತೆ, ಗಂಡಿನ ಜೊತೆ ಕೂಡುತ್ತೆ, ನಾನೂರು ಐನೂರು ಮೊಟ್ಟೆ ಇಡುತ್ತೆ, ಕೆಲವು ದಿನಕ್ಕೆ ಸಾಯುತ್ತೆ. ಹಾಗಾದ್ರೆ ಅಷ್ಟು ಮೊಟ್ಟೆಗೆ ಬುತ್ತಿ ಎಲ್ಲಿಂದ ಬಂತು? ಅದು ಹುಳುವಾಗಿದ್ದಾಗ ತಿಂದ ಹಿಪ್ಪುನೇರಳೆ ಸೊಪ್ಪಿನಿಂದ. ಅದರಲ್ಲೂ ನಾಲ್ಕನೇ ಜ್ವರ ಎದ್ದ ಮೇಲೆ ತಿಂದಿದ್ದೇ ಬಹುಪಾಲು. ಆ ಸಾರ ಮೈಯೊಳಗಿನ ಕೊಬ್ಬಿನಲ್ಲಿ ಕೂತಿರುತ್ತೆ. ಹುಳು ಗೂಡು ಕಟ್ಟಿ ಕೋಶ ಆದ ಮೇಲೆ, ಕೋಳಿಯಲ್ಲಿ ಲಿವರ್ ಮಾಡೋ ಕೆಲಸವನ್ನ ಇಲ್ಲಿ ಆ ಕೊಬ್ಬು ಮಾಡುತ್ತೆ. ಅದೇ ಜಾತಿಯ ಪ್ರೋಟೀನು, ಅದೇ ಥರ ಮೈರಸದಲ್ಲಿ ಹರಿದು ಮೊಟ್ಟೆಗೆ ತುಂಬೋದು. ಹೆಣ್ಣು ಗೂಡು ತೂಕ ಬರೋದು ಇದಕ್ಕೇ, ಒಳಗೆ ಮೊಟ್ಟೆ ತುಂಬಿರುತ್ತೆ. ಗಂಡು ಗೂಡು ಹಗುರ, ಆದ್ರೆ ತೂಕಕ್ಕೆ ಹೋಲಿಸಿದ್ರೆ ರೇಷ್ಮೆ ಪಾಲು ಅದರಲ್ಲೇ ಜಾಸ್ತಿ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯೋ ಕೋಶ ಕೋಳಿ ಮೇವಿಗೂ ಮೀನಿನ ಮೇವಿಗೂ ಹೋಗುತ್ತಲ್ಲ, ಅದರಲ್ಲಿ ಅಷ್ಟು ಸತ್ವ ಇರೋದೂ ಇದರಿಂದಲೇ.

ಇನ್ನೊಂದು ವಿಷಯ. ನಾವು ಮಾಡೋ ಮಿಶ್ರತಳಿ ಮೊಟ್ಟೆಗೆ ತಾಯಿ ಮೈಸೂರು ತಳಿ, ತಂದೆ ಸಿಎಸ್‌ಆರ್ 2. ತಂದೆ ಕಡೆ ದ್ವಿತಳಿ, ಅದರ ಮೊಟ್ಟೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ನಿದ್ದೆ ಹೋಗುತ್ತೆ, ಆಸಿಡ್ ಉಪಚಾರ ಮಾಡಿ ಎಬ್ಬಿಸಬೇಕು. ಆದ್ರೆ ನಮ್ಮ ಮಿಶ್ರತಳಿ ಮೊಟ್ಟೆ 10-11 ದಿನಕ್ಕೇ ಒಡೆಯುತ್ತೆ. ಯಾಕಂದ್ರೆ ಮೊಟ್ಟೆ ನಿದ್ದೆ ಹೋಗಬೇಕಾ ಬೇಡವಾ ಅಂತ ತೀರ್ಮಾನ ಮಾಡೋದು ತಾಯಿ. ತಾಯಿ ಕೋಶದಲ್ಲಿದ್ದಾಗಲೇ ಅವಳ ಹಾರ್ಮೋನು ಅದನ್ನ ಬರೆದಿಟ್ಟಿರುತ್ತೆ. ತಂದೆ ಎಷ್ಟೇ ಒಳ್ಳೆ ತಳಿ ಇರಲಿ, ಬುತ್ತಿಯೂ ಚಿಪ್ಪೂ ತಾಯಿದೇ.

ಬುತ್ತಿ ತಾಯಿದು ಅಂದ ಮೇಲೆ ತಾಯಿ ಕಾಯಿಲೆಯೂ ಅದರ ಜೊತೆ ಬರಬಹುದು. ಗಂಟು ರೋಗ ಹೀಗೇ ಬರೋದು. ಹಾಲುತೊಂಡೆ, ಸುಣ್ಣಕಟ್ಟು ಮನೆ ಗಲೀಜಿನಿಂದ, ಹವೆಯಿಂದ ಬರುತ್ತೆ, ಬ್ಲೀಚಿಂಗ್ ಪೌಡರು, ಸುಣ್ಣ ಹಾಕಿ ಒಂದಷ್ಟು ತಡೀಬಹುದು. ಗಂಟು ರೋಗದ ಸೂಕ್ಷ್ಮಾಣು ತಾಯಿ ಹೊಟ್ಟೆಯಲ್ಲೇ ಮೊಟ್ಟೆ ಒಳಗೆ ಸೇರ್ಕೊಂಡಿರುತ್ತೆ. ಮೊಟ್ಟೆ ಮೇಲ್ಗಡೆ ಯಾವ ಔಷಧಿಯಲ್ಲಿ ತೊಳೆದ್ರೂ ಒಳಗಿರೋದಕ್ಕೆ ಮುಟ್ಟಲ್ಲ. ಮರಿ ಹುಟ್ಟೋದೇ ರೋಗದ ಜೊತೆ. 1865ರಲ್ಲಿ ಫ್ರಾನ್ಸ್ ದೇಶದ ರೇಷ್ಮೆ ರೈತರು ಇದರಿಂದ ಮುಳುಗಿ ಹೋಗ್ತಿದ್ದಾಗ, ಅಲ್ಲಿನ ಸರ್ಕಾರ ಲೂಯಿ ಪಾಶ್ಚರ್ ಅವರನ್ನ ಕಳಿಸ್ತು. ಅವರು ಕೊಟ್ಟ ಉಪಾಯ ಸರಳ. ಒಂದೊಂದು ಚಿಟ್ಟೆಯನ್ನ ಬೇರೆ ಬೇರೆಯಾಗಿ ಮೊಟ್ಟೆ ಇಡಿಸಿ, ಆಮೇಲೆ ತಾಯಿಯನ್ನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡೋದು. ರೋಗ ಕಂಡ್ರೆ ಆ ಮೊಟ್ಟೆ ಸುಡೋದು. ಇವತ್ತಿಗೂ ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆ ಪರೀಕ್ಷೆ ಅಂತ ಮಾಡೋದು ಇದನ್ನೇ. ರೋಗರಹಿತ ಮೊಟ್ಟೆ ಅಂತ ಚೀಟಿಯಲ್ಲಿ ಬರೆದಿರೋದಕ್ಕೆ ಅರ್ಥ ಇದು.

ಕಳೆದ ಬೇಸಿಗೆಯಲ್ಲಿ ಪಕ್ಕದ ಊರಿನ ನನ್ನ ಸ್ನೇಹಿತರೊಬ್ಬರು ಚೀಟಿ ಇಲ್ಲದ ಮೊಟ್ಟೆ ಮೇದಿದ್ರು. ಎರಡನೇ ಜ್ವರಕ್ಕೆ ಹುಳು ಒಂದೊಂದು ಸೈಜು. ಕೆಲವು ಮಲಗಿವೆ, ಕೆಲವು ಇನ್ನೂ ತಿಂತಾ ಇವೆ. ಮೂರನೇ ಜ್ವರ ಎದ್ದ ಮೇಲೆ ಮೈ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಸೊಪ್ಪು ಹೊತ್ತ ಕೂಲಿ, ಮಗಳ ಕಾಲೇಜಿಗೆ ಅಂತ ಲೆಕ್ಕ ಹಾಕಿದ್ದ ದುಡ್ಡು, ಎಲ್ಲಾ ಬೆಂಕಿಗೆ ಹೋಯ್ತು. ಹುಳು ಸುಡುವಾಗ ಅವರ ಮನೆಯವರು ಒಳಗಿಂದ ಹೊರಗೆ ಬರಲಿಲ್ಲ. ಅವರ ಪಕ್ಕದ ಮನೆಯವರ ಬೆಳೆಗೂ ಅನುಮಾನ ಬಂತು, ಯಾಕಂದ್ರೆ ಇಬ್ಬರೂ ಒಂದೇ ಜಾಗದಲ್ಲಿ ಚಾಕಿ ಕಟ್ಟಿದ್ರು. ಈ ರೋಗದ ಬೀಜ ಮನೆಯಲ್ಲಿ ಬಹಳ ಕಾಲ ಉಳಿಯುತ್ತೆ. ಉಳಿಸಿದ ನಾಲ್ಕು ಕಾಸು ಒಬ್ಬರದು, ನಷ್ಟ ಊರಿನದು.

ಅದಕ್ಕೇ ನಾನು ಮಾಡೋದು ಇಷ್ಟು. ಪರೀಕ್ಷೆ ಮಾಡಿದ ಲಾಟು ನಂಬರು, ಮೊಟ್ಟೆ ಇಟ್ಟ ತಾರೀಕು ಚೀಟಿಯಲ್ಲಿ ಇದ್ರೆ ಮಾತ್ರ ಮೊಟ್ಟೆ ತಗೊಳ್ಳೋದು, ಚೀಟಿ ಬೆಳೆ ಮುಗಿಯೋವರೆಗೂ ಎತ್ತಿಡೋದು. ಮೊಟ್ಟೆಯನ್ನ ಬೆಳಿಗ್ಗೆ ಇಲ್ಲ ಸಂಜೆ ತಂಪಲ್ಲಿ ತರೋದು, ಮಧ್ಯಾಹ್ನ ಬೈಕಿನ ಡಿಕ್ಕಿಯಲ್ಲಿ ಹಾಕೋ ಹಾಗಿಲ್ಲ. ಒಳಗಿನ ಮರಿ ಅದೇ ಬುತ್ತಿ ತಿಂದು ಬೆಳೀತಾ ಇರುತ್ತೆ, ಶಾಖ ಜಾಸ್ತಿ ಆದ್ರೆ ಒಡೆಯೋದು ಏರುಪೇರು. 25 ಡಿಗ್ರಿ, ತೇವ ಒಂದಷ್ಟು ಇರಬೇಕು. ಮೊಟ್ಟೆ ನೀಲಿಗೆ ತಿರುಗಿದ ಮೇಲೆ ಕಪ್ಪು ಬಟ್ಟೆಯಲ್ಲಿ ಮುಚ್ಚಿಟ್ಟು, ಮಾರನೇ ದಿನ ಬೆಳಿಗ್ಗೆ ಬೆಳಕಿಗೆ ಬಿಟ್ರೆ ಎಲ್ಲಾ ಒಟ್ಟಿಗೇ ಒಡೆಯುತ್ತೆ. ಕೋಳಿ ಮರಿ ಎರಡು ದಿನ ಕಾಯುತ್ತೆ, ರೇಷ್ಮೆ ಮರಿಗೆ ಅಷ್ಟು ಉಳಿತಾಯ ಇಲ್ಲ, ಎಳೆ ಸೊಪ್ಪು ಮೊದಲೇ ಕುಯ್ದು ತಯಾರು ಇಟ್ಟಿರಬೇಕು.

ಗೌರಿಬಿದನೂರು, ಚಿಂತಾಮಣಿ ಕಡೆ ಬಿತ್ತನೆ ಗೂಡು ಬೆಳೆದು ಅನುಭವ ಇರೋರು ಯಾರಾದ್ರೂ ಇದ್ರೆ, ಕೊನೇ ಹಂತದಲ್ಲಿ ಎಂಥ ಸೊಪ್ಪು ಕೊಡ್ತೀರಿ, ಗೊಬ್ಬರ ಏನು ಹಾಕ್ತೀರಿ ಅಂತ ಬರೀರಿ. ಅರ್ಧ ರೇಟಿನವರು ನಿಮ್ಮ ಬಾಗಿಲಿಗೂ ಬಂದ್ರೆ ಒಂದೇ ಒಂದು ಪ್ರಶ್ನೆ ಕೇಳಿ: ಇದರ ತಾಯಿಯನ್ನ ನೋಡಿದೋರು ಯಾರು?